ಧಾರವಾಡ ಸೀಮೆಯ ಮತಾಂತರ: ಜಾತಿ, ಕಾಲಜ್ಞಾನ, ಕನ್ನಡ

ಘಟ್ಟ ಹತ್ತಿ ಬಂದ ಮಿಷನ್

1834ರಲ್ಲಿ ಮಂಗಳೂರಿಗೆ ಬಂದಿಳಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಠಾಣೆ ಹೂಡಿತು. ಬಯಲುಸೀಮೆಯ ಫಸಲು ಮಾತ್ರ ಅದು ಎಣಿಸಿದಷ್ಟು ಬರಲಿಲ್ಲ. ಕಾರಣವನ್ನು ಬೋಧಕರ ಭಾಷಣದಲ್ಲಲ್ಲ, ಕೇಳುವವರ ಮನೆ, ಮಠ, ಕೇರಿಗಳಲ್ಲಿ ಹುಡುಕಬೇಕು.

ಕಾಲಜ್ಞಾನದ ನಿರೀಕ್ಷೆ

ಈ ಸೀಮೆಯ ಲಿಂಗಾಯತರಲ್ಲಿ ಮುಂದಾಗುವುದನ್ನು ಹೇಳುವ ಕಾಲಜ್ಞಾನದ ಪರಂಪರೆಯಿತ್ತು. 1840ರ ಆಸುಪಾಸಿನಲ್ಲಿ ಅದನ್ನು ನಂಬಿದ ಕೆಲವರು ಮಿಷನರಿಗಳ ಬಳಿ ಬಂದರು. ತಾವು ಕಾದಿದ್ದು ಇವರಿಗಾಗಿಯೇ ಇರಬಹುದೆಂಬ ಆಸೆ ಅವರದು; ಊರಿಗೆ ಊರೇ ಬಂದೀತೆಂಬ ಆಸೆ ಮಿಷನರಿ ಹರ್ಮನ್ ಮೊಗ್ಲಿಂಗ್ ಮತ್ತು ಸಂಗಡಿಗರದು. ಗದಗಿನ ಹತ್ತಿರ ಮಲಸಮುದ್ರದಲ್ಲಿ ಹಾಗೆ ಬಂದವರಿಗಾಗಿ ಬೇಸಾಯದ ವಸಾಹತೂ ಎದ್ದಿತು. ಸಾಮೂಹಿಕ ಮತಾಂತರ ಆಗಲೇ ಇಲ್ಲ. ಬಂದವರು ತಮ್ಮ ನಂಬಿಕೆ ದಿಟವಾಗುವುದನ್ನು ನೋಡಬಯಸಿದ್ದರು, ಅದನ್ನು ಬಿಡಲು ಬಂದಿರಲಿಲ್ಲ ಎಂದು ನನಗೆ ತೋರುತ್ತದೆ. ಇನ್ನೊಂದು ಮಾತು: ಒಬ್ಬನೇ ದೇವರು, ವಿಗ್ರಹ ಬೇಡ, ಕಾಯಕ ಬೇಕು ಎಂಬುದನ್ನು ವಚನಕಾರರು ಏಳುನೂರು ವರ್ಷ ಹಿಂದೆಯೇ ಕನ್ನಡದಲ್ಲಿ ಹೇಳಿಯಾಗಿತ್ತು. ಮಿಷನರಿಯ ಹೊಸ ಸರಕು ಅರ್ಧಕ್ಕರ್ಧ ಇಲ್ಲಿ ಹಳತು.

ಜಾತಿ ಹೋದ ಮೇಲೆ

ಬಂಧುಬಳಗ, ಉಣ್ಣುವ ಪಂಕ್ತಿ, ಹೆಣ್ಣು ಕೊಟ್ಟು ತರುವ ಮನೆ, ಕಸಬು ಎಲ್ಲವೂ ಜಾತಿಯ ಕೈಯಲ್ಲಿದ್ದವು. ಮತಾಂತರಗೊಂಡರೂ ಆಸ್ತಿಯ ಹಕ್ಕು ಉಳಿಯುತ್ತದೆಂದು 1850ರ ಕಾಯ್ದೆ ಹೇಳಿತು. ಆದರೆ ಕಾಯ್ದೆ ಹೆಣ್ಣು ಕೊಡುವುದಿಲ್ಲ, ನೀರಿಗೂ ಕರೆಯುವುದಿಲ್ಲ. ಹಾಗಾಗಿ ಮಿಷನ್ನೇ ಮನೆ, ಶಾಲೆ, ಉದ್ಯೋಗ ಕೊಡಬೇಕಾಯಿತು. ಅದೇ ಹೊಸ ಕೇರಿಯಾಯಿತು.

ಮಾತಿನ ಹೊಸ್ತಿಲು

1853ರಲ್ಲಿ ಮಿಷನರಿಯಾಗಿ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡದಲ್ಲಿ ಕನ್ನಡ ಕಲಿತು, 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯಕ್ಕೆ ಇಳಿಸಿದ. ಕನ್ನಡ ಕ್ರೈಸ್ತರು ಇಂದಿಗೂ ಬ್ಯಾಪ್ಟಿಸಮ್ಮಿಗೆ ‘ದೀಕ್ಷಾಸ್ನಾನ’, ಪಾದ್ರಿಗೆ ‘ಸಭಾಪಾಲಕ’ ಎನ್ನುತ್ತಾರೆ. ದೀಕ್ಷೆ ಎಂದರೆ ಏನೆಂದು ಲಿಂಗದೀಕ್ಷೆ ಬಲ್ಲ ಈ ಸೀಮೆಯಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಉತ್ತಂಗಿ ಚನ್ನಪ್ಪ

1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪ ಮಿಷನ್ನಿನ ಬೋಧಕರಾದರು. ಮನೆಯ ಮತ ಬದಲಾದರೂ ಹೆಸರು ಚನ್ನಪ್ಪನೇ. ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ವಚನಕಾರರು ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪ ಇದ್ದದ್ದು ನಿಜವೇ ಎಂಬ ತಕರಾರು ಎದ್ದಾಗ, ಅದು ಇತ್ತೆಂದು ಪುಸ್ತಕ ಬರೆದು ವಾದಿಸಿದವರೂ ಈ ಕ್ರೈಸ್ತ ಪಾದ್ರಿಯೇ.