ಒಂದೇ ಪಂಕ್ತಿ

ಹೆಣ್ಣುಮಕ್ಕಳಿಗೆ ಓಟವೇಕೆ ಎಂಬ ಮಾತು ಅಮೆರಿಕದಲ್ಲೂ ಇತ್ತು. ಅಲ್ಲಿನ ನ್ಯಾಶ್‌ವಿಲ್‌ನಲ್ಲಿ 1912ರಲ್ಲಿ ಕರಿಯರಿಗಾಗಿ ತೆರೆದ ಸರ್ಕಾರಿ ಶಾಲೆಯೇ ಮುಂದೆ ಟೆನ್ನೆಸ್ಸಿ ಸ್ಟೇಟ್ ವಿಶ್ವವಿದ್ಯಾಲಯವಾಯಿತು. ತರಬೇತುದಾರ ಎಡ್ ಟೆಂಪಲ್ ಬೆಳೆಸಿದ ಅಲ್ಲಿನ ಓಟಗಾರ್ತಿಯರಿಗೆ ‘ಟೈಗರ್‌ಬೆಲ್ಸ್’ ಎಂದು ಹೆಸರು. ದಿನಕ್ಕೆರಡು ಗಂಟೆ ಕಾಲೇಜಿನಲ್ಲೇ ದುಡಿದು ಓದಿದವರು ಅವರು.

ಬಾಲ್ಯದಲ್ಲಿ ಪೋಲಿಯೊದಿಂದಾಗಿ ಕಾಲಿಗೆ ಲೋಹದ ಆಸರೆ ಕಟ್ಟಿಕೊಂಡು ನಡೆದಿದ್ದ ವಿಲ್ಮಾ ರುಡಾಲ್ಫ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಳು. ಅವಳೊಡನೆ ರಿಲೇ ಓಡಿದ ಮೂವರೂ ಟೈಗರ್‌ಬೆಲ್ಸ್‌ಗಳೇ.

ಹುಟ್ಟೂರು ಕ್ಲಾರ್ಕ್ಸ್‌ವಿಲ್ ಅವಳಿಗೆ ಮೆರವಣಿಗೆ, ಔತಣ ಏರ್ಪಡಿಸಿತು. ಕರಿಯರನ್ನೂ ಬಿಳಿಯರನ್ನೂ ಬೇರೆ ಮಾಡುವುದಾದರೆ ತಾನು ಬರುವುದಿಲ್ಲವೆಂದಳು. ಊರು ಮಣಿಯಿತು. ಅಂದು ಎಲ್ಲರೂ ಒಟ್ಟಿಗೆ ಕೂತು ಉಂಡರು. ಪಂಕ್ತಿಭೇದದ ಕಹಿ ಬಲ್ಲ ನಮ್ಮ ನಾಡಿನವಳಾದ ನನಗೆ ಮೂರು ಪದಕಗಳಿಗಿಂತ ಆ ಒಂದು ಊಟವೇ ದೊಡ್ಡದೆನಿಸುತ್ತದೆ.