ಪದವಿ ತರಗತಿಯ ಬರಹ ಮತ್ತು ಕೃತಿಚೌರ್ಯ ಪತ್ತೆ ತಂತ್ರಾಂಶ: ಉಡುಪಿ ಸೀಮೆಯನ್ನು ಮುಂದಿಟ್ಟುಕೊಂಡು

ಎರ್ಮಾಳಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬೆಳಗ್ಗೆ ಬಸ್ಸಿಗೆ ಕಾಯುವ ಮೂವರು ವಿದ್ಯಾರ್ಥಿಗಳು ಮೂರು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದವರಾಗಿರಬಹುದು. ಒಬ್ಬಳು ಕಾಪು ದಾಟಿ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಗುತ್ತಾಳೆ, ಅದು ಮಂಗಳೂರು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜು. ಇನ್ನೊಬ್ಬನದು 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಮಣಿಪಾಲದ ಮಾಹೆ. ಮೂರನೆಯವಳು ಪಡುಬಿದ್ರಿಯಲ್ಲಿ ಪೂರ್ವಕ್ಕೆ ತಿರುಗಿ, ಬೆಳ್ಮಣ್ ದಾರಿಯಾಗಿ ಕಾರ್ಕಳ ತಾಲೂಕಿನ ನಿಟ್ಟೆಗೆ ಹೋಗುತ್ತಾಳೆ, ಅದೂ ಡೀಮ್ಡ್ ವಿಶ್ವವಿದ್ಯಾಲಯ. ಮೂವರೂ ಅಸೈನ್‌ಮೆಂಟ್ ಬರೆಯುತ್ತಾರೆ, ಮೂವರ ಕೈಯಲ್ಲೂ ಅದೇ ಮೊಬೈಲ್ ಇದೆ. ಆದರೆ ಬರೆದದ್ದನ್ನು ತಂತ್ರಾಂಶ ನೋಡುತ್ತದೆಯೇ, ನೋಡಿದರೆ ಆ ವರದಿಯನ್ನು ಯಾರು ಓದುತ್ತಾರೆ ಎಂಬುದು ಅವರು ಹತ್ತಿದ ಬಸ್ಸಿನ ಮೇಲೆ ನಿಂತಿದೆ. ಡೀಮ್ಡ್ ವಿಶ್ವವಿದ್ಯಾಲಯಗಳು ತಮಗೆ ಬೇಕಾದ ತಂತ್ರಾಂಶವನ್ನು ತಾವೇ ಕೊಳ್ಳಬಲ್ಲವು. ಸಂಯೋಜಿತ ಕಾಲೇಜಿನ ಪದವಿ ಅಧ್ಯಾಪಕರಿಗೆ ಆ ಅನುಕೂಲ ಸುಲಭಕ್ಕೆ ದಕ್ಕುವುದಲ್ಲ.

ಈ ಅಸಮಾನತೆಯ ಬೇರು ನಿಯಮದಲ್ಲಿಯೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಶೈಕ್ಷಣಿಕ ಪ್ರಾಮಾಣಿಕತೆ ಮತ್ತು ಕೃತಿಚೌರ್ಯ ತಡೆಯ ನಿಯಮಾವಳಿಯನ್ನು 2018ರ ಜುಲೈಯಲ್ಲಿ ಹೊರಡಿಸಿತು. ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ; 10ರಿಂದ 40ರ ತನಕ ಆರು ತಿಂಗಳೊಳಗೆ ತಿದ್ದಿ ಮರುಸಲ್ಲಿಕೆ; 40ರಿಂದ 60ರ ತನಕ ಒಂದು ವರ್ಷ ಮರುಸಲ್ಲಿಕೆಗೆ ತಡೆ; 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿಗಳು ಎಲ್ಲ ಸಂಶೋಧಕರ ಬಾಯಲ್ಲಿವೆ. ಅಷ್ಟಾಗಿ ಚರ್ಚೆಯಾಗದ ಮಾತು ಇನ್ನೊಂದಿದೆ. ಪರಿಶೀಲನೆಗೆ ಒಳಪಡುವ ಬರಹ ಯಾವುದೆಂದು ಹೇಳುವ ಕಡೆ, ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ತರಗತಿಯ ಪ್ರಬಂಧ, ಉತ್ತರ ಪತ್ರಿಕೆಗಳನ್ನು ನಿಯಮಾವಳಿ ಸ್ಪಷ್ಟವಾಗಿ ಹೊರಗಿಟ್ಟಿದೆ. ಪ್ರಾಮಾಣಿಕತೆಯ ಮೂಲತತ್ತ್ವಗಳನ್ನು ಪದವಿ ಮಟ್ಟದಲ್ಲಿಯೇ ಕಡ್ಡಾಯವಾಗಿ ಕಲಿಸಬೇಕೆಂದು ಹೇಳುವುದೂ ಇದೇ ನಿಯಮಾವಳಿ. ಹೀಗಾಗಿ ವಿದ್ಯಾರ್ಥಿ ತತ್ತ್ವವನ್ನು ಹತ್ತೊಂಬತ್ತರ ವಯಸ್ಸಿನಲ್ಲಿ ಕೇಳಿಸಿಕೊಳ್ಳುತ್ತಾನೆ. ಅವನ ಬರಹವನ್ನು ಆ ಕಣ್ಣಿನಿಂದ ಮೊದಲ ಬಾರಿ ನೋಡುವುದು ಸ್ನಾತಕೋತ್ತರ ಅಥವಾ ಪಿಎಚ್.ಡಿ. ಪ್ರಬಂಧ ಸಲ್ಲಿಸುವಾಗ. ಅಷ್ಟರಲ್ಲಿ ನಕಲು ಮಾಡುವುದೇ ಬರೆಯುವ ಕ್ರಮ ಎಂಬ ರೂಢಿ ಬೇರೂರಿರುತ್ತದೆ. ತಂತ್ರಾಂಶವನ್ನು ದಾರಿಯ ಕೊನೆಯ ತಪಾಸಣೆಯಾಗಿ ನಿಲ್ಲಿಸಿದ್ದೇ ತಪ್ಪು, ಅದರ ಜಾಗ ಮೊದಲ ವರ್ಷದ ತರಗತಿ ಎಂಬುದು ಈ ಲೇಖನದ ವಾದ.

ತಂತ್ರಾಂಶ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕಂಪನಿಗಳು ತಮ್ಮ ವಿಧಾನವನ್ನು ಪೂರ್ತಿ ಬಿಚ್ಚಿಡುವುದಿಲ್ಲವಾದರೂ ಪ್ರಕಟವಾದ ವಿಧಾನಗಳಿವೆ. ಆಗ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸ್ ಐಕನ್ ಕಂಪ್ಯೂಟರ್ ಪ್ರೋಗ್ರಾಂಗಳ ನಕಲು ಹಿಡಿಯಲು 1994ರಲ್ಲಿ ರೂಪಿಸಿದ 'ಮಾಸ್' ಇಂದಿಗೂ ಬಳಕೆಯಲ್ಲಿದೆ. ಅದರ ಹಿಂದಿನ ಕ್ರಮವನ್ನು ಅವರೂ ಸಂಗಡಿಗರೂ 2003ರಲ್ಲಿ ವಿವರಿಸಿದರು. ಬರಹದಿಂದ ಖಾಲಿ ಜಾಗ, ವಿರಾಮ ಚಿಹ್ನೆಗಳನ್ನು ತೆಗೆದು, ಉಳಿದ ಅಕ್ಷರಸಾಲನ್ನು ಒಂದರ ಮೇಲೊಂದು ಹಾಯುವ ಸಣ್ಣ ತುಂಡುಗಳಾಗಿಸಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಡಲಾಗುತ್ತದೆ. ಅಕ್ಕಪಕ್ಕದ ಒಂದಿಷ್ಟು ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನು ಆರಿಸಿ ಬರಹದ ಬೆರಳಚ್ಚಾಗಿ ಉಳಿಸಿಕೊಳ್ಳುತ್ತಾರೆ. ಎರಡು ಬರಹಗಳ ಬೆರಳಚ್ಚುಗಳು ಕೂಡಿಬಂದರೆ ಅಲ್ಲಿ ಹೋಲಿಕೆಯಿದೆ. ಈ ಕ್ರಮದಲ್ಲಿ ಎಲ್ಲಿಯೂ ಕಳವು ಎಂಬ ತೀರ್ಮಾನವಿಲ್ಲ. ಕಾನೂನಿನ ಕಲಮುಗಳನ್ನು ಉದ್ಧರಿಸಿದ ಪ್ರಾಮಾಣಿಕ ಪ್ರಬಂಧ ಶೇಕಡಾ 25 ಹೋಲಿಕೆ ತೋರಿಸಬಹುದು. ಇಡೀ ವಾದವನ್ನು ಕದ್ದು ಪದ ಬದಲಿಸಿದ್ದು 4 ತೋರಿಸಬಹುದು. ದಂಡದ ಪಟ್ಟಿಯನ್ನು ಸಂಖ್ಯೆಗೆ ಕಟ್ಟಿಹಾಕಿದ್ದರಿಂದ ಸಂಶೋಧಕರ ಗಮನವೆಲ್ಲ 'ಪರ್ಸೆಂಟೇಜ್ ಇಳಿಸುವ'ತ್ತ ಹರಿದಿದೆ. ಹಣ ಪಡೆದು ಅದನ್ನು ಇಳಿಸಿಕೊಡುವ ವ್ಯಾಪಾರವೂ ಹುಟ್ಟಿಕೊಂಡಿದೆ.

ಭಾಷೆಯ ಎರವಲು ಮತ್ತು ಫಲಿತಾಂಶದ ಕಳವು ಬೇರೆ ಬೇರೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳ ಲೇಖನವೊಂದು ಬಂತು, ಲೇಖಕರಲ್ಲಿ ಸಿ.ಎನ್.ಆರ್. ರಾವ್ ಒಬ್ಬರು. ಅದರ ಕೆಲವು ವಾಕ್ಯಗಳು ಇನ್ನೊಂದು ಲೇಖನದಲ್ಲಿದ್ದಂತೆಯೇ ಇದ್ದುದು ಗೊತ್ತಾಗಿ, ಅದೇ ಪತ್ರಿಕೆಯಲ್ಲಿ ಲೇಖಕರು ಕ್ಷಮೆ ಕೇಳಿದರು. ಪ್ರಯೋಗದ ಫಲಿತಾಂಶ ಕದ್ದದ್ದೆಂದು ಯಾರೂ ಹೇಳಲಿಲ್ಲ. ದೇಶದ ಅತ್ಯುತ್ತಮ ಸಂಸ್ಥೆಗಳಲ್ಲಿಯೂ ಇಂಗ್ಲಿಷ್ ವಾಕ್ಯ ಕಟ್ಟುವ ತರಬೇತಿ ವಿದ್ಯಾರ್ಥಿಗೆ ತಡವಾಗಿ ಸಿಗುತ್ತದೆ ಎಂಬುದನ್ನು ನಾನು ಆ ಪ್ರಸಂಗದಲ್ಲಿ ಕಾಣುತ್ತೇನೆ.

ಕನ್ನಡದ ಪಾಡು ಇದಕ್ಕಿಂತ ಕಠಿಣ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ 2019ರಲ್ಲಿ 'ಶೋಧಶುದ್ಧಿ' ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಮೊದಲು ಸ್ವೀಡನ್ ಮೂಲದ ಉರ್ಕುಂಡ್ ತಂತ್ರಾಂಶವನ್ನು ಒದಗಿಸಿತು. ಅನಂತರ ಬೆಂಗಳೂರಿನ ಡ್ರಿಲ್‌ಬಿಟ್ ಬಂತು. ಯಾವ ತಂತ್ರಾಂಶವಾದರೂ ಹೋಲಿಸುವುದು ತನ್ನ ಭಂಡಾರದಲ್ಲಿ ಇರುವುದರೊಂದಿಗೆ. ಕನ್ನಡ ವಿದ್ವತ್ತಿನ ಬಹುಪಾಲು ಇರುವುದು ಅಚ್ಚಾದ ಪುಸ್ತಕಗಳಲ್ಲಿ, ನಿಂತುಹೋದ ನಿಯತಕಾಲಿಕಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ. ಗಣಕಕ್ಕೆ ಏರಿದ್ದರಲ್ಲೂ ಹಳೆಯ 'ನುಡಿ', 'ಶ್ರೀಲಿಪಿ' ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಾದದ್ದು ಬಹಳ. ಯೂನಿಕೋಡ್ ಅಲ್ಲದ ಆ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರರೂಪಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂತಿರುತ್ತವೆ. ನಮ್ಮ ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಸಾಲು. ಅದೇ ವಾಕ್ಯ ಯೂನಿಕೋಡಿನಲ್ಲಿ ಎಲ್ಲೋ ಇದ್ದರೆ ಎರಡನ್ನೂ ಅದು ಜೋಡಿಸಲಾರದು. ಅಂಥ ಪ್ರಬಂಧಕ್ಕೆ ಶೇಕಡಾ 2 ಎಂಬ ವರದಿ ಬಂದಾಗ ಅದನ್ನು ಶುದ್ಧತೆಯ ಪ್ರಮಾಣಪತ್ರವೆಂದು ಲಗತ್ತಿಸುವುದರಲ್ಲಿ ಯಾವ ಅರ್ಥವೂ ಇಲ್ಲ.

ಕಾಗುಣಿತದ ತೊಡಕು ಬೇರೆ. ಎರ್ಮಾಳ್, ಎರ್ಮಾಳು, ಯರ್ಮಾಳ್ ಎಂದು ಒಂದೇ ಊರನ್ನು ಬರೆಯುತ್ತೇವೆ. ಅಕ್ಷರ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. 'ಹೇಳಿದ್ದಾರೆ' ಎಂಬುದನ್ನು 'ಹೇಳಿರುತ್ತಾರೆ' ಮಾಡಿ, 'ಮತ್ತು' ತೆಗೆದು 'ಊ' ಹಚ್ಚಿದರೆ ಸಾಲು ಕಡಿಯುತ್ತದೆ. ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಕೂಡಿಬಂದ ಸತತ 14 ಪದಗಳ ತನಕ ವಿನಾಯಿತಿ ಎಂದು ನಿಯಮಾವಳಿ ಹೇಳುತ್ತದೆ. ಇದು ಇಂಗ್ಲಿಷಿನ ಅಳತೆ. 'ಕಡಲಿಗಿಳಿಯದವರಿಗೂ' ಎಂಬ ನಮ್ಮ ಒಂದು ಪದದ ಅರ್ಥಕ್ಕೆ ಇಂಗ್ಲಿಷ್ ಏಳೆಂಟು ಪದ ಬೇಡುತ್ತದೆ. ಕನ್ನಡದಲ್ಲಿ 14 ಪದಗಳೆಂದರೆ ಎರಡು ತುಂಬು ವಾಕ್ಯಗಳಾಗಬಹುದು, ಒಂದು ವಾದವೇ ಆಗಬಹುದು. ಇನ್ನು ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನು ಕನ್ನಡಕ್ಕಿಳಿಸಿ ತನ್ನದೆಂದು ಕೊಡುವ ರೂಢಿಯನ್ನು ಅಕ್ಷರ ಹೋಲಿಸುವ ಯಂತ್ರ ಹಿಡಿಯಲಾರದು. ಆ ವಿಷಯವನ್ನು ಓದಿಕೊಂಡ ಅಧ್ಯಾಪಕರು ಮಾತ್ರ ಗುರುತಿಸಬಲ್ಲರು.

ಎ.ಐ. ಬರಹ ಪತ್ತೆಯ ಬಗ್ಗೆ ಇಷ್ಟು ಸಾಕು: ಓಪನ್ ಎ.ಐ. ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ನಿಲ್ಲಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಏಳು ಪತ್ತೆ ಸಾಧನಗಳಿಗೆ ಇಂಗ್ಲಿಷ್ ತಾಯ್ನುಡಿಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿ ಅರ್ಧಕ್ಕೂ ಹೆಚ್ಚಿನವನ್ನು ಅವು ಯಂತ್ರದ್ದೆಂದು ತಪ್ಪಾಗಿ ಸಾರಿದವು. ಕನ್ನಡ ಮಾಧ್ಯಮದಿಂದ ಬಂದು ಮಣಿಪಾಲದಲ್ಲೋ ನಿಟ್ಟೆಯಲ್ಲೋ ಸರಳ ಇಂಗ್ಲಿಷಿನಲ್ಲಿ ಬರೆಯುವ ಹುಡುಗಿಯ ಮೇಲೆ ಅಂಥ ವರದಿಯ ಆಧಾರದಿಂದ ಆರೋಪ ಹೊರಿಸುವುದು ಅನ್ಯಾಯ.

ಹಾಗಾದರೆ ಮೊದಲ ವರ್ಷದಲ್ಲಿ ತಂತ್ರಾಂಶದಿಂದ ಏನಾಗಬೇಕು? ಕರಡನ್ನು ಅಂಕವಿಲ್ಲದೆ ಸಲ್ಲಿಸಿ, ವರದಿಯನ್ನು ವಿದ್ಯಾರ್ಥಿಯೇ ತೆರೆದು, ಬಣ್ಣ ಬಿದ್ದ ಪ್ರತಿ ಸಾಲಿನ ಬಳಿ ಇದು ಉದ್ಧರಣೆಯೇ, ಸಾರಾಂಶವೇ, ಎಲ್ಲರಿಗೂ ತಿಳಿದ ಸಂಗತಿಯೇ ಎಂದು ಗುರುತು ಹಾಕಬೇಕು. ಕರಡು ಭಂಡಾರದಲ್ಲಿ ಉಳಿಯದಂತೆ ಮೊದಲೇ ಹೊಂದಿಸದಿದ್ದರೆ ಅಂತಿಮ ಪ್ರತಿ ತನ್ನದೇ ಕರಡನ್ನು ಹೋಲುವುದಾಗಿ ವರದಿ ಬರುತ್ತದೆ. ಈ ಸಣ್ಣ ಸಂಗತಿ ಗೊತ್ತಿಲ್ಲದೆ ವಿದ್ಯಾರ್ಥಿಗಳು ಗಾಬರಿಪಡುತ್ತಾರೆ. ತರಗತಿಯಲ್ಲಿ ನೂರು ಮಂದಿಯಿದ್ದಾಗ ಎಲ್ಲ ವರದಿಗಳನ್ನೂ ಅಧ್ಯಾಪಕರು ಓದಲಾರರು, ನಿಜ. ಹೆಸರು ತೆಗೆದ ಐದಾರು ಕರಡುಗಳನ್ನು ಪರದೆಯ ಮೇಲೆ ಹಾಕಿ ಒಟ್ಟಿಗೆ ಚರ್ಚಿಸಿದರೂ ತಿಳಿವಳಿಕೆ ಹುಟ್ಟುತ್ತದೆ.

ಅದಕ್ಕೂ ಮುಖ್ಯವಾದದ್ದು ಪ್ರಶ್ನೆ. 'ಕರಾವಳಿಯ ಮೀನುಗಾರಿಕೆ' ಎಂದು ವಿಷಯ ಕೊಟ್ಟರೆ ನಕಲಿಗೆ ನಾವೇ ಆಹ್ವಾನ ಕೊಟ್ಟಂತೆ. ಎರ್ಮಾಳ್ ತೆಂಕ, ಎರ್ಮಾಳ್ ಬಡಾದ ದಡದಲ್ಲಿ ರಂಪಣಿ ಬಲೆ ಎಳೆದ ಹಿರಿಯರನ್ನು ಕಂಡು, ಪರ್ಸೀನ್ ದೋಣಿಗಳು ಬಂದ ಮೇಲೆ ಪಾಲು ಹಂಚುವ ಕ್ರಮ ಹೇಗೆ ಬದಲಾಯಿತು ಎಂದು ಕೇಳಿ ಬರೆಯಲು ಹೇಳಿದರೆ ಅಂತರ್ಜಾಲದಲ್ಲಿ ಸಿದ್ಧ ಉತ್ತರ ಸಿಗದು. ಆದರೆ ಇಲ್ಲಿ ಇನ್ನೊಂದು ಕಳವಿಗೆ ಎಡೆಯಿದೆ, ಅದು ಯಾವ ವರದಿಯಲ್ಲೂ ಕಾಣುವುದಿಲ್ಲ: ಹೇಳಿದವರ ಹೆಸರು ಬಿಟ್ಟು ಅವರ ತಿಳಿವಳಿಕೆಯನ್ನು ತನ್ನ ಶೋಧವಾಗಿಸುವುದು. ತುಳು ಪಾಡ್ದನ ಹಾಡಿದವರ ಹೆಸರಿಲ್ಲದ ಬರಹಗಳು ನಮ್ಮಲ್ಲಿ ಕಡಿಮೆಯಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ತನಕ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಜನರ ಬಾಯಿಮಾತನ್ನೂ ಗ್ರಂಥದಷ್ಟೇ ಗೌರವದಿಂದ ಆಕರವಾಗಿ ಕಂಡಿತು. ಅದೇ ಊರಿನ ಪದವಿ ತರಗತಿಯಲ್ಲಿ, ಪ್ರಾಜೆಕ್ಟಿನ ಹೋಲಿಕೆ ವರದಿಯ ಜೊತೆಗೆ ಮಾಹಿತಿ ಕೊಟ್ಟವರ ಹೆಸರು, ಊರು, ಮಾತಾಡಿದ ದಿನ, ಹೆಸರು ಹಾಕಲು ಅವರ ಒಪ್ಪಿಗೆ ಇವುಗಳ ಹಾಳೆಯನ್ನೂ ಕಡ್ಡಾಯ ಮಾಡಬಹುದು. ಅದಕ್ಕೆ ಯಾವ ತಂತ್ರಾಂಶದ ಪರವಾನಗಿಯೂ ಬೇಡ. ಸಂಯೋಜಿತ ಕಾಲೇಜುಗಳು ಈ ಸೆಮಿಸ್ಟರಿನಿಂದಲೇ ಶುರುಮಾಡಬಹುದು.