ದಖ್ಖನದ ರಾಣಿ ಮತ್ತು ಮೂರನೇ ದರ್ಜೆ

1930ರ ಜೂನ್ 1ರಂದು ಮುಂಬಯಿ–ಪುಣೆ ಮಾರ್ಗದಲ್ಲಿ ಡೆಕ್ಕನ್ ಕ್ವೀನ್ ಓಡತೊಡಗಿತು. ಏಳೇಳು ಬೋಗಿಗಳ ಎರಡು ರೇಕುಗಳಿದ್ದವು. ಒಂದಕ್ಕೆ ಬೆಳ್ಳಿ ಬಣ್ಣ, ಕೆಂಪು ಅಂಚು; ಇನ್ನೊಂದಕ್ಕೆ ಕಡುನೀಲಿ, ಬಂಗಾರದ ಗೆರೆ. ಬೋಗಿಗಳ ಅಡಿಚೌಕಟ್ಟು ಇಂಗ್ಲೆಂಡಿನಿಂದ ಬಂದದ್ದು, ಮೇಲಿನದೆಲ್ಲ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾಟುಂಗಾ ಕಾರ್ಖಾನೆಯಲ್ಲಿ ಕಟ್ಟಿದ್ದು. ಪುಣೆಯ ಕುದುರೆ ರೇಸಿಗೆ ಬರುವ ಮುಂಬಯಿಯ ಸಿರಿವಂತರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಗಾಡಿ ಹುಟ್ಟಿತು ಎನ್ನುತ್ತಾರೆ. ಅದರಲ್ಲಿ ಇದ್ದದ್ದು ಮೊದಲನೇ ಮತ್ತು ಎರಡನೇ ದರ್ಜೆ ಮಾತ್ರ. ಮೂರನೇ ದರ್ಜೆ ಇರಲೇ ಇಲ್ಲ.

ಆ ದಿನ ಪುಣೆ ಸ್ಟೇಷನ್ನಿನಿಂದ ಕೆಲವೇ ಮೈಲಿ ದೂರದ ಯೆರವಡಾ ಜೈಲಿನಲ್ಲಿ ದೇಶದ ಅತಿ ಪ್ರಸಿದ್ಧ ಮೂರನೇ ದರ್ಜೆ ಪ್ರಯಾಣಿಕರೊಬ್ಬರು ಕೂತಿದ್ದರು. ಉಪ್ಪಿನ ಸತ್ಯಾಗ್ರಹಕ್ಕಾಗಿ ಮೇ 5ರಂದು ಗಾಂಧೀಜಿಯನ್ನು ಬಂಧಿಸಿ ಅಲ್ಲಿಗೆ ತಂದಿದ್ದರು. ಇದು ಕೇವಲ ಕಾಕತಾಳೀಯ. ಆದರೂ ಆ ಹೊಸ ಗಾಡಿ ಮತ್ತು ಆ ಹಳೆಯ ಪ್ರಯಾಣಿಕ, ಎರಡನ್ನೂ ಜೊತೆಗಿಟ್ಟು ನೋಡಿದರೆ ಪುಣೆಗೆ ಬಂದು ಹೋಗುವ ರೈಲುಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ ಕಾಣುತ್ತದೆ. ಟಿಕೆಟು ಎಲ್ಲರೂ ಕೊಳ್ಳುತ್ತಾರೆ. ಆದರೆ ಟಿಕೆಟು ಯಾರಿಗೆ ಏನನ್ನು ಕೊಡುತ್ತದೆ?

ಬ್ರಿಟಿಷರ ಕಾಲದ ರೈಲಿನಲ್ಲಿ ಸಾಮಾನ್ಯವಾಗಿ ನಾಲ್ಕು ದರ್ಜೆಗಳು: ಮೊದಲನೆಯದು, ಎರಡನೆಯದು, ನಡುವೆ ಇಂಟರ್, ಕೊನೆಗೆ ಮೂರನೆಯದು. ಜನರಲ್ಲಿ ಬಹುಪಾಲು ಮೂರನೇ ದರ್ಜೆಯವರು. ಪ್ರಯಾಣಿಕರಿಂದ ಬರುತ್ತಿದ್ದ ಆದಾಯದಲ್ಲಿಯೂ ಸಿಂಹಪಾಲು ಅವರದೇ. ಒಬ್ಬೊಬ್ಬರು ಕೊಡುವುದು ಕಡಿಮೆ, ಆದರೆ ತಲೆಗಳು ಲಕ್ಷಗಟ್ಟಲೆ. ಹಣ ಕೆಳಗಿನಿಂದ ಬರುತ್ತಿತ್ತು, ಮೆತ್ತೆ ಮೇಲಿನವರಿಗೆ ಹೋಗುತ್ತಿತ್ತು.

ಈ ಲೆಕ್ಕವನ್ನು ಗಾಂಧೀಜಿ ಸ್ವತಃ ಕೂತು ನೋಡಿದ್ದರು. 1902ರ ಆರಂಭದಲ್ಲಿ ಅವರು ಕಲ್ಕತ್ತೆಯಿಂದ ರಾಜಕೋಟೆಗೆ ಮೂರನೇ ದರ್ಜೆಯಲ್ಲಿ ಹೊರಟರು. ಪುಣೆಯ ಗೋಪಾಲಕೃಷ್ಣ ಗೋಖಲೆಯವರು ಮೊದಲು ಈ ಯೋಚನೆಯನ್ನು ನಕ್ಕು ತಳ್ಳಿಹಾಕಿದರು. ಕಾರಣ ತಿಳಿದ ಮೇಲೆ ಒಪ್ಪಿ, ಲಾಡು ಪೂರಿ ತುಂಬಿದ ಬುತ್ತಿ ಡಬ್ಬಿ ಕೊಟ್ಟು, ಬೀಳ್ಕೊಡಲು ಸ್ಟೇಷನ್ನಿಗೂ ಬಂದರು. ನೀವು ಮೊದಲನೇ ದರ್ಜೆಯಲ್ಲಿ ಹೋಗುವುದಾಗಿದ್ದರೆ ನಾನು ಬರುತ್ತಿರಲಿಲ್ಲ ಎಂದು ಅವರು ಹೇಳಿದ್ದಾಗಿ ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಹದಿಮೂರು ವರ್ಷಗಳ ನಂತರ ಅದೇ ಗೋಖಲೆ ತೀರಿಕೊಂಡರು. 1915ರ ಫೆಬ್ರವರಿಯಲ್ಲಿ ಶಾಂತಿನಿಕೇತನದಲ್ಲಿದ್ದ ಗಾಂಧೀಜಿ, ಕಸ್ತೂರಬಾ ಮತ್ತು ಮಗನ್‌ಲಾಲರೊಂದಿಗೆ ಪುಣೆಗೆ ಹೊರಟರು. ಬರ್ದ್ವಾನ್ ಸ್ಟೇಷನ್ನಿನಲ್ಲಿ ಮೂರನೇ ದರ್ಜೆಯ ಟಿಕೆಟಿಗೆ ನೂಕುನುಗ್ಗಲು, ಬಲವಿದ್ದವನದೇ ಸರದಿ. ಟಿಕೆಟು ಸಿಕ್ಕಿತು, ಜಾಗ ಸಿಗಲಿಲ್ಲ. ಗಾರ್ಡ್ ಕೈಚೆಲ್ಲಿದ. ಬೇರೆ ದಾರಿ ಕಾಣದೆ ಗಂಡ ಹೆಂಡತಿ ಇಂಟರ್ ಬೋಗಿ ಹತ್ತಿದರು. ಆಸನ್ಸೋಲಿನಲ್ಲಿ ಅದೇ ಗಾರ್ಡ್ ಬಂದು ಹೆಚ್ಚುವರಿ ಹಣ ಕೇಳಿದ. ಜಾಗ ಕೊಡುವುದು ನಿಮ್ಮ ಕರ್ತವ್ಯ ಎಂದರೂ ಕೇಳಲಿಲ್ಲ. ಹೇಗಾದರೂ ಪುಣೆ ಮುಟ್ಟಬೇಕಿದ್ದುದರಿಂದ ಗಾಂಧೀಜಿ ಪುಣೆಯವರೆಗಿನ ಹಣ ತೆತ್ತರು. ಮೊಗಲ್‌ಸರಾಯಿಯಲ್ಲಿ ಮೂರನೇ ದರ್ಜೆಗೆ ಬಂದು ಕೂತರು. ಹಾಗೆ ಬದಲಾಯಿಸಿದ್ದಕ್ಕೆ ಚೀಟಿ ಕೊಡಿ ಎಂದರೆ ಟಿಕೆಟ್ ಪರೀಕ್ಷಕ ಕೊಡಲಿಲ್ಲ.

ಆಮೇಲೆ ಅವರು ರೈಲ್ವೆಗೆ ಪತ್ರ ಬರೆದರು. ಉತ್ತರ ಬಂತು: ಚೀಟಿಯಿಲ್ಲದೆ ಹಣ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ನಿಮಗಾಗಿ ಇದೊಂದು ಸಲ ನಿಯಮ ಸಡಿಲಿಸುತ್ತೇವೆ ಎಂಬ ಅರ್ಥದ್ದು. ಮೊಗಲ್‌ಸರಾಯಿಯಿಂದ ಮುಂದಿನ ಹಣ ಮರಳುತ್ತದೆ, ಹಿಂದಿನದು ಇಲ್ಲ.

ಈ ಉತ್ತರವನ್ನು ಇನ್ನೊಮ್ಮೆ ಓದಬೇಕು. ಅದರಲ್ಲಿ ಒರಟುತನವಿಲ್ಲ, ಸೌಜನ್ಯವೇ ಇದೆ. ಅನ್ಯಾಯ ಅಡಗಿರುವುದೂ ಆ ಸೌಜನ್ಯದಲ್ಲೇ. ದಕ್ಷಿಣ ಆಫ್ರಿಕದಿಂದ ಹೆಸರು ಮಾಡಿ ಬಂದ ಬ್ಯಾರಿಸ್ಟರನಿಗೆ ನಿಯಮ ಬಾಗಿತು. ಬರ್ದ್ವಾನಿನಲ್ಲಿ ಅದೇ ರಾತ್ರಿ ನೂಕಿಸಿಕೊಂಡ ಉಳಿದವರಿಗೆ ಪತ್ರ ಬರೆಯಲು ಬರುತ್ತಿತ್ತೋ ಇಲ್ಲವೋ, ಬರೆದರೂ ನಿಯಮ ಬಾಗುತ್ತಿತ್ತೇ? ಹಕ್ಕಾಗಿ ಸಿಗಬೇಕಾದದ್ದು ವಿನಾಯಿತಿಯಾಗಿ ಸಿಕ್ಕರೆ, ಸಿಕ್ಕವನೊಬ್ಬ ಸುಮ್ಮನಾಗುತ್ತಾನೆ, ಪದ್ಧತಿ ಇದ್ದಲ್ಲೇ ಇರುತ್ತದೆ.

ಗಾಂಧೀಜಿ ಸುಮ್ಮನಾಗಲಿಲ್ಲ. 1917ರ ಸೆಪ್ಟೆಂಬರ್ 12ರಂದು ಮುಂಬಯಿಯಿಂದ ಮದ್ರಾಸಿಗೆ ಮೇಲ್ ಗಾಡಿ ಹಿಡಿದರು. ಅವರ ಬೋಗಿಯಲ್ಲಿ 22 ಜನರಿಗೆ ಜಾಗ. ಪುಣೆಯವರೆಗೆ ಅಷ್ಟೇ ಜನ ಇದ್ದರು, ಅದೂ ಒಳಗಿದ್ದ ಗಟ್ಟಿಗರು ಬಾಗಿಲಲ್ಲಿ ಉಳಿದವರನ್ನು ತಡೆದದ್ದರಿಂದ. ರಾಯಚೂರು ದಾಟಿದ ಮೇಲೆ ಒತ್ತಡ ತಡೆಯಲಾಗಲಿಲ್ಲ; ರಾತ್ರಿಯ ಬಹುಭಾಗ 35 ಜನ ಇದ್ದರು. ಅದೇ ತಿಂಗಳು ಬರೆದ ಲೇಖನದಲ್ಲಿ ಅವರು ಸರಳವಾದ ಲೆಕ್ಕ ಕೇಳಿದರು. ಮೊದಲನೇ ದರ್ಜೆಯ ದರ ಮೂರನೆಯದಕ್ಕಿಂತ ಐದು ಪಟ್ಟಿಗೂ ಹೆಚ್ಚು, ಸರಿ. ಆದರೆ ಮೂರನೇ ದರ್ಜೆಯವನಿಗೆ ಆ ಸೌಕರ್ಯದ ಐದರಲ್ಲೊಂದು ಪಾಲಾದರೂ ಸಿಗುತ್ತದೆಯೇ? ಹತ್ತರಲ್ಲೊಂದು? ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗುವುದರ ಬಗ್ಗೆ ಅವರ ತಕರಾರಲ್ಲ. ಕಡಿಮೆ ಕೊಟ್ಟವನಿಗೆ ಕೊಟ್ಟಷ್ಟೂ ಸಿಗದಿರುವುದರ ಬಗ್ಗೆ.

ಆದರೆ ದುಡ್ಡಿನ ದರ್ಜೆಯ ಕೆಳಗೆ ಇನ್ನೊಂದು ದರ್ಜೆ ಇತ್ತು. ಅದು ಟಿಕೆಟಿನ ಮೇಲೆ ಅಚ್ಚಾಗುತ್ತಿರಲಿಲ್ಲ. ಪುಣೆಯಿಂದ ಸಾತಾರಾ, ಮಿರಜ, ಬೆಳಗಾವಿ ಕಡೆಗೆ ಹೋಗುವ ದಾರಿ ಆಗ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್. ನಮ್ಮ ಕಡೆಯ ಹುಡುಗರು ಪುಣೆಯ ಕಾಲೇಜುಗಳಿಗೆ ಬರುತ್ತಿದ್ದ ದಾರಿಯೂ ಅದೇ. ಬೇಂದ್ರೆಯವರು ಓದಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ. ಆ ಮಾರ್ಗದಲ್ಲಿ ಮಸೂರ್ ಎಂಬ ಸಣ್ಣ ಸ್ಟೇಷನ್ನಿದೆ. 1901ರ ಸುಮಾರಿಗೆ, ಹತ್ತರ ಆಸುಪಾಸಿನ ಭೀಮರಾವ್ ಅಂಬೇಡ್ಕರ್ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ಸಾತಾರಾದಿಂದ ಹೊರಟು ಅಲ್ಲಿ ಇಳಿದ. ಹೊಸ ಬಟ್ಟೆ, ಜರಿ ಟೋಪಿ, ರೇಷ್ಮೆ ಅಂಚಿನ ಧೋತರ. ಸ್ಟೇಷನ್ ಮಾಸ್ತರರು ಒಳ್ಳೆಯ ಮನೆಯ ಮಕ್ಕಳೆಂದು ಮಾತನಾಡಿಸಿದರು. ಯಾರು ನೀವು ಎಂದಾಗ ಹುಡುಗ ಮಹಾರರು ಎಂದ. ಮಾಸ್ತರರ ಮುಖ ಬದಲಾಯಿತು, ಹಿಂದೆ ಸರಿದರು. ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಎತ್ತನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವ ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಒಪ್ಪಂದವಾಯಿತು. ಬುತ್ತಿ ಇತ್ತು, ಕುಡಿಯಲು ನೀರು ಸಿಗದೆ ರಾತ್ರಿ ಉಪವಾಸ ಮಲಗಿದರು.

ಗಾಂಧೀಜಿ ಮೂರನೇ ದರ್ಜೆಯನ್ನು ಆರಿಸಿಕೊಂಡಿದ್ದರು. ಮಸೂರಿನ ಹುಡುಗರಿಗೆ ಆಯ್ಕೆಯಿರಲಿಲ್ಲ, ದುಡ್ಡು ಕೊಟ್ಟು ಮೇಲೇರುವ ದಾರಿಯೂ ಇರಲಿಲ್ಲ. ರೈಲು ಎಲ್ಲ ಜಾತಿಯವರನ್ನೂ ಒಂದೇ ಹಲಗೆಯ ಮೇಲೆ ಕೂರಿಸಿತು ಎಂದು ನಾವು ಹೇಳುವುದುಂಟು. ಒಂದು ಮಟ್ಟಿಗೆ ನಿಜ. ಆದರೆ ಆ ಸಮಾನತೆ ಪ್ಲಾಟ್‌ಫಾರ್ಮಿನ ಅಂಚಿಗೇ ಮುಗಿಯುತ್ತಿತ್ತು.

ಸ್ವಾತಂತ್ರ್ಯದ ನಂತರ ಏನಾಯಿತು? 1949ರ ಜನವರಿ 1ರಂದು ಡೆಕ್ಕನ್ ಕ್ವೀನಿನ ಮೊದಲನೇ ದರ್ಜೆ ರದ್ದಾಯಿತು. ಇದ್ದ ಎರಡನೇ ದರ್ಜೆಗೇ ಮೊದಲನೆಯದು ಎಂದು ಹೆಸರಿಟ್ಟರು. ಮೂರನೇ ದರ್ಜೆ ಆ ಗಾಡಿಗೆ ಬಂದದ್ದು 1955ರ ಜೂನ್‌ನಲ್ಲಿ, ಹುಟ್ಟಿದ 25 ವರ್ಷಕ್ಕೆ. 1974ರಲ್ಲಿ ದೇಶದಾದ್ಯಂತ ಮೂರನೇ ದರ್ಜೆ ಎಂಬ ಹೆಸರೇ ಹೋಗಿ ಅದು ಎರಡನೆಯದಾಯಿತು. ಹೆಸರು ಬದಲಾದದ್ದು ಸಣ್ಣ ಮಾತಲ್ಲ. ಆದರೆ ಮರದ ಹಲಗೆ ಮರದ ಹಲಗೆಯಾಗಿಯೇ ಉಳಿಯಿತು.

ಹಲಗೆಯನ್ನು ಬದಲಿಸಿದವರು ಕೊಂಕಣದ ರಾಜಾಪುರದಿಂದ ಗೆದ್ದು ಬಂದ ಸಮಾಜವಾದಿ ಮಧು ದಂಡವತೆ. 1977ರಲ್ಲಿ ರೈಲ್ವೆ ಮಂತ್ರಿಯಾದಾಗ ಎರಡನೇ ದರ್ಜೆಯ ಮಲಗುವ ಹಲಗೆಗೆ ಎರಡು ಇಂಚಿನ ಫೋಮ್ ಹಾಕಿಸಿದರು. ಅದೇ ವರ್ಷ ಮುಂಬಯಿ–ಹೌರಾ ನಡುವೆ ದರ್ಜೆಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಓಡಿಸಿದರು. ದರ್ಜೆಯಿಲ್ಲದ ಗಾಡಿ ಹಾಗೇ ಉಳಿಯಲಿಲ್ಲ, ಎಸಿ ಬೋಗಿಗಳು ಸೇರಿಕೊಂಡವು. ಎರಡು ಇಂಚಿನ ಮೆತ್ತೆ ಮಾತ್ರ ಉಳಿಯಿತು. ಮೇಲಿನವರ ಸೀಟು ಕಿತ್ತುಕೊಳ್ಳದೆ ಕೆಳಗಿನವರ ನೆಲವನ್ನು ಎರಡು ಇಂಚು ಎತ್ತಿದ ಆ ಕೆಲಸ ನಮ್ಮ ರೈಲಿನ ಚರಿತ್ರೆಯ ದೊಡ್ಡ ಸುಧಾರಣೆಗಳಲ್ಲೊಂದು.

2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಶುರುವಾಯಿತು. ನಮ್ಮಲ್ಲಿ ಅನೇಕರಿಗೆ ಅದು ಊರನ್ನು ಹತ್ತಿರ ತಂದ ಗಾಡಿ, ಸಂತೋಷವೇ. ಅದರಲ್ಲಿರುವುದು ಚೇರ್ ಕಾರ್ ಮತ್ತು ಎಕ್ಸಿಕ್ಯುಟಿವ್, ಎರಡೂ ಎಸಿ. 1930ರ ಡೆಕ್ಕನ್ ಕ್ವೀನಿನ ಹಾಗೆ ಎರಡೇ ದರ್ಜೆ. ಉಳಿದ ಗಾಡಿಗಳಲ್ಲಿ 1997ರಿಂದ ತತ್ಕಾಲ್, 2014ರಿಂದ ಪ್ರೀಮಿಯಂ ತತ್ಕಾಲ್. ವಿಮಾನದಲ್ಲಿ, ವಿಹಾರದ ಹಡಗಿನಲ್ಲಿ ಹೆಚ್ಚು ಕೊಟ್ಟವರಿಗೆ ಮೊದಲು ಹತ್ತುವ ಸಾಲು ಬೇರೆ. ಸರದಿಯೇ ಈಗ ಮಾರಾಟದ ಸರಕು.

ತುರ್ತಾಗಿ ಊರಿಗೆ ಹೋಗಬೇಕಾದಾಗ ನಾವೂ ಅದನ್ನು ಕೊಳ್ಳುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಹಳಿಯ ಮೇಲೆ, ವಂದೇ ಭಾರತ್ ನಿಲ್ಲದ ಮಸೂರಿನಂಥ ಸ್ಟೇಷನ್ನುಗಳಲ್ಲಿ, ಜನರಲ್ ಬೋಗಿಗಾಗಿ ಗಂಟು ಹಿಡಿದು ಕಾಯುವವರಿದ್ದಾರೆ. ಅವರು ಕೊಟ್ಟ ದುಡ್ಡಿಗೆ ಕೂರಲು ಜಾಗ, ಕುಡಿಯಲು ನೀರು, ಬಳಸಬಹುದಾದ ಶೌಚಾಲಯ ಸಿಗುತ್ತಿದೆಯೇ? 1917ರಲ್ಲಿ ಕೇಳಿದ ಲೆಕ್ಕ ಅದು. ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ.